ಕೊಂಬಿನ ಖರ್ಚು ಯಾರದು?

2018ರ ನವೆಂಬರ್ 25ರಂದು ಸ್ವಿಟ್ಜರ್ಲೆಂಡಿನ ಮತದಾರರು ಹಸುವಿನ ಕೊಂಬಿನ ಬಗ್ಗೆ ಮತ ಹಾಕಿದರು. ದೇಶದ ಸಂವಿಧಾನ ದೊಡ್ಡದೋ ಅಂತರರಾಷ್ಟ್ರೀಯ ಕಾನೂನು ದೊಡ್ಡದೋ ಎಂಬ ಪ್ರಶ್ನೆಯೂ ಅದೇ ದಿನ ಮತಕ್ಕೆ ಬಂದಿತ್ತು. ಅಂಥ ಪ್ರಶ್ನೆಯ ಪಕ್ಕದಲ್ಲಿ ಕೊಂಬು! ಜಂಭ ಪಡುವವನನ್ನು ‘ಇವನಿಗೇನು ಕೊಂಬು ಬಂದಿದೆಯಾ’ ಎಂದು ಕೇಳುವ ನಮಗೆ ಇದು ತಮಾಷೆಯಾಗಿ ಕಾಣುವುದು ಸಹಜ. ಆದರೆ ನೀತಿಶಾಸ್ತ್ರದ ವಿದ್ಯಾರ್ಥಿನಿಯಾಗಿ ನನಗೆ ಆ ಮತದಾನದಲ್ಲಿ ತರಗತಿಯಲ್ಲಿ ಅಷ್ಟು ಸುಲಭವಾಗಿ ಸಿಗದ ಒಂದು ಪ್ರಶ್ನೆ ಸಿಕ್ಕಿತು. ಇನ್ನೊಂದು ಜೀವದ ಘನತೆಯನ್ನು ನಾವು ಒಪ್ಪಿಕೊಂಡೆವು ಎನ್ನೋಣ. ಅದನ್ನು ಕಾಪಾಡುವ ಖರ್ಚು ಯಾರ ಹೆಸರಿಗೆ?

ಪ್ರಶ್ನೆಯನ್ನು ಅಲ್ಲಿಯವರೆಗೆ ತಂದವರು ಆರ್ಮಿನ್ ಕಪೌಲ್ ಎಂಬ ಗುಡ್ಡಗಾಡಿನ ರೈತ. ಆ ದೇಶದಲ್ಲಿ ಒಂದೂವರೆ ವರ್ಷದೊಳಗೆ ಒಂದು ಲಕ್ಷ ಸಹಿ ಕೂಡಿಸಿದರೆ ಯಾವ ಸಾಮಾನ್ಯನೂ ಸಂವಿಧಾನದ ತಿದ್ದುಪಡಿಯನ್ನು ಜನರ ಮುಂದಿಡಬಹುದು. ಅವರು ಕೂಡಿಸಿದರು. ಕೊಂಬು ತೆಗೆಯುವುದನ್ನು ನಿಷೇಧಿಸಿ ಎಂದು ಅವರು ಕೇಳಲಿಲ್ಲ. ಕೊಂಬಿರುವ ಹಸು, ಮೇಕೆಗಳನ್ನು ಸಾಕುವ ರೈತರಿಗೆ ಸರ್ಕಾರ ಸಹಾಯಧನ ಕೊಡಲಿ ಎಂದಷ್ಟೇ ಕೇಳಿದರು.

ಇಷ್ಟಕ್ಕೂ ಕೊಂಬು ತೆಗೆಯುವುದೇಕೆ? ಅದು ತಿಳಿಯಬೇಕಾದರೆ ಕೊಟ್ಟಿಗೆಯೊಳಗೆ ಹೋಗಬೇಕು. ಒಂದು ಕುಟುಂಬ, ಇಪ್ಪತ್ತರ ಆಸುಪಾಸು ಹಸುಗಳು. ಅಲ್ಲಿನ ಸಣ್ಣ ಹೈನುಗಾರಿಕೆ ಹೆಚ್ಚುಕಡಿಮೆ ಇದೇ ಅಳತೆಯದು. ಬೆಳಕು ಹರಿಯುವ ಮೊದಲೇ ಹಾಲು ಕರೆಯಬೇಕು, ಸಂಜೆ ಮತ್ತೆ ಕರೆಯಬೇಕು. ಹಬ್ಬವಿರಲಿ, ಮನೆಯಲ್ಲಿ ಸಾವಾಗಿರಲಿ, ಕೆಚ್ಚಲು ಕಾಯುವುದಿಲ್ಲ. ಬೇಸಿಗೆಯಲ್ಲಿ ಹುಲ್ಲು ಕೊಯ್ದು ಒಣಗಿಸಿ ಚಳಿಗಾಲಕ್ಕೆ ಕೂಡಿಡಬೇಕು. ಹಲವು ಕುಟುಂಬಗಳು ಬೇಸಿಗೆಯ ತಿಂಗಳುಗಳಲ್ಲಿ ಹಸುಗಳನ್ನು ಆಲ್ಪ್ಸ್‌ನ ಎತ್ತರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಅಲ್ಲೇ ಚೀಸ್ ಮಾಡಿ, ಚಳಿ ಶುರುವಾಗುವ ಹೊತ್ತಿಗೆ ಇಳಿಯುತ್ತವೆ. ಈ ವಲಸೆಯ ಬದುಕನ್ನು ಯುನೆಸ್ಕೊ 2023ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಮನೆಗಳಲ್ಲಿ ಹಸುವಿಗೆ ಹೆಸರಿರುತ್ತದೆ. ಯಾವುದು ಒದೆಯುತ್ತದೆ, ಯಾವುದು ಗುಂಪಿನ ಯಜಮಾನಿ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರುತ್ತದೆ.

ಹೀಗೆ ಹೆಸರಿಟ್ಟು ಕರೆಯುವ ಹಸುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕೊಂಬಿಲ್ಲ. ಕರು ಕೆಲವೇ ವಾರದ್ದಿರುವಾಗ ಅರಿವಳಿಕೆ ಕೊಟ್ಟು, ಮೊಳಕೆಯಂಥ ಕೊಂಬಿನ ಬುಡವನ್ನು ಕಾದ ಕಬ್ಬಿಣದಿಂದ ಸುಡುತ್ತಾರೆ. ಕೊಂಬು ಉಗುರಿನ ತುದಿಯಂಥ ಸತ್ತ ಭಾಗವಲ್ಲ. ಹೊರಗಿನ ಚಿಪ್ಪಿನೊಳಗೆ ಮೂಳೆ, ನೆತ್ತರು, ನರ ಎಲ್ಲ ಇವೆ. ಹಸುಗಳು ತಮ್ಮ ನಡುವಿನ ಮೇಲುಕೀಳನ್ನು ಇತ್ಯರ್ಥ ಮಾಡಿಕೊಳ್ಳುವುದೂ ಬಹಳಮಟ್ಟಿಗೆ ಕೊಂಬಿನ ಭಾಷೆಯಲ್ಲೇ.

ಹಾಗೆಂದು ಸುಡುವ ರೈತ ಕಟುಕನಲ್ಲ. ಕೊಂಬು ಬೇರೆ ಹಸುವಿನ ಕೆಚ್ಚಲನ್ನು ಸೀಳಬಹುದು, ಮೇವು ಹಾಕುವವರ ಕಣ್ಣಿಗೆ ತಾಗಬಹುದು. ಇನ್ನೊಂದು ಕಾರಣ ನನ್ನನ್ನು ಹೆಚ್ಚು ಕಾಡಿತು. ಹಿಂದೆ ಹಸುಗಳನ್ನು ಸಾಲಾಗಿ ಗೊಂತಿಗೆ ಕಟ್ಟುತ್ತಿದ್ದರು. ಕಟ್ಟಿದ ಹಸುವಿಗೆ ಕೊಂಬಿದ್ದರೂ ತೊಂದರೆ ಕಡಿಮೆ. ಹಸು ಓಡಾಡಿಕೊಂಡಿರಲಿ ಎಂದು ಹಗ್ಗ ಬಿಚ್ಚಿದ ಹೊಸ ಕೊಟ್ಟಿಗೆಗಳು ಬಂದವು. ಬಿಚ್ಚಿಬಿಟ್ಟ ಹಸುಗಳು ಹಾಯುತ್ತವೆ. ಹಾಯದಂತೆ ಒಂದರಿಂದೊಂದು ದೂರ ಸರಿಯಬೇಕಾದರೆ ಕೊಟ್ಟಿಗೆ ಬಹಳ ದೊಡ್ಡದಿರಬೇಕು. ಅಷ್ಟು ಜಾಗ ಕಟ್ಟಿಸಲು ದುಡ್ಡಿಲ್ಲ. ಹಾಗಾಗಿ ಹಗ್ಗ ಹೋಯಿತು, ಜೊತೆಗೆ ಕೊಂಬೂ ಹೋಯಿತು. ಸಹಾಯಧನ ಕೊಟ್ಟರೆ ರೈತರು ಕೊಂಬು ಉಳಿಸಿ ಹಸುವನ್ನು ಮತ್ತೆ ಕಟ್ಟಿಹಾಕಬಹುದು ಎಂದು ಅಲ್ಲಿನ ಸರ್ಕಾರ ವಾದಿಸಿದ್ದೂ ಇದೇ ಕಾರಣಕ್ಕೆ.

ಈ ವಾದವನ್ನು ಒಮ್ಮೆ ನಿಧಾನವಾಗಿ ನೋಡಿ. ನಡೆದಾಡುವ ಸ್ವಾತಂತ್ರ್ಯ ಬೇಕೋ, ಹುಟ್ಟಿನಿಂದ ಬಂದ ಅಂಗ ಬೇಕೋ ಎಂದು ಹಸುವಿನ ಎರಡು ಒಳಿತುಗಳನ್ನು ನಾವು ಎದುರುಬದುರು ನಿಲ್ಲಿಸುತ್ತೇವೆ. ಆದರೆ ಹಸುವಿನ ಬಾಳಿನಲ್ಲಿ ಈ ಎರಡಕ್ಕೆ ಜಗಳವೇ ಇಲ್ಲ. ಜಗಳ ಹುಟ್ಟುವುದು ಕೊಟ್ಟಿಗೆಯ ಚದರಳತೆಯಲ್ಲಿ, ಅದನ್ನು ನಿರ್ಧರಿಸುವ ಹಾಲಿನ ದರದಲ್ಲಿ. ನಾವು ನೈತಿಕ ಸಂದಿಗ್ಧ ಎಂದು ಕರೆಯುವ ಎಷ್ಟೋ ಸಂಗತಿಗಳು ಹೀಗೆಯೇ ಇರುತ್ತವೆ. ಆಯ್ಕೆಗಳು ಎರಡೇ ಎನ್ನುವುದನ್ನು ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ.

ಕಾಂಟ್ 1785ರ ತನ್ನ ಪುಸ್ತಕದಲ್ಲಿ ಬೆಲೆಗೂ ಘನತೆಗೂ ಒಂದು ಗೆರೆ ಎಳೆದ. ಬೆಲೆ ಇರುವುದರ ಜಾಗದಲ್ಲಿ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬಹುದು. ಘನತೆ ಇರುವುದಕ್ಕೆ ಬದಲಿ ಇಲ್ಲ. ಆ ಘನತೆಯನ್ನು ಅವನು ವಿವೇಚನೆಯುಳ್ಳ ಜೀವಿಗಳಿಗೆ ಮಾತ್ರ ಕೊಟ್ಟ. ಹಸು ಹೊರಗುಳಿಯಿತು. ಸ್ವಿಟ್ಜರ್ಲೆಂಡಿನ ಸಂವಿಧಾನ 1992ರಿಂದ ಉಳಿದ ಜೀವಿಗಳ ಘನತೆಯನ್ನೂ ಹೆಸರಿಸುತ್ತದೆ. ಅಲ್ಲಿನ ಪ್ರಾಣಿರಕ್ಷಣಾ ಕಾನೂನು ಇನ್ನೂ ಮುಂದೆ ಹೋಗಿ, ನೋವು ಕೊಡುವುದು ಮಾತ್ರವಲ್ಲ, ಪ್ರಾಣಿಯನ್ನು ಅವಮಾನಿಸುವುದು, ಅದರ ರೂಪಕ್ಕೋ ಸಾಮರ್ಥ್ಯಕ್ಕೋ ಆಳವಾಗಿ ಕೈಹಾಕುವುದೂ ಘನತೆಗೆ ಬರುವ ಧಕ್ಕೆ ಎನ್ನುತ್ತದೆ. ಆದರೆ ಕೊನೆಗೊಂದು ಬಾಗಿಲು ತೆರೆದಿಟ್ಟಿದೆ: ಅದಕ್ಕಿಂತ ಮೇಲಾದ ಹಿತವೊಂದು ಇದ್ದರೆ ಆ ಧಕ್ಕೆಯನ್ನು ಸಮರ್ಥಿಸಬಹುದು. ಎಂದರೆ ಘನತೆಯನ್ನೂ ತಕ್ಕಡಿಗೆ ಹಾಕಬಹುದು.

ಕಾಂಟ್‌ನ ಶಿಷ್ಯರು ಇಲ್ಲಿ ಹುಬ್ಬೇರಿಸುತ್ತಾರೆ. ತೂಗಬಹುದಾದದ್ದು ಘನತೆ ಹೇಗಾಗುತ್ತದೆ? ಕಪೌಲ್ ಕೇಳಿದ ಸಹಾಯಧನವೂ ಕೊಂಬಿಗೆ ಬೆಲೆ ಕಟ್ಟಿದಂತೆ ಅಲ್ಲವೇ? ಅಲ್ಲ ಎನ್ನಿಸುತ್ತದೆ ನನಗೆ. ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ತಗಲುವ ಖರ್ಚು ತಾಯಿಯ ಬೆಲೆಯಲ್ಲ. ಬದಲಿಯಿಲ್ಲದ್ದನ್ನು ಉಳಿಸಿಕೊಳ್ಳಲೂ ಕಾಸು ಬೇಕು. ಆ ಕಾಸನ್ನು ಒಬ್ಬರ ತಲೆಗೇ ಕಟ್ಟಿ, ಉಳಿದವರೆಲ್ಲ ಘನತೆಯ ಮೇಲೆ ಭಾಷಣ ಮಾಡಿದರೆ ಅದು ಸೋಗು.

ಇನ್ನೆರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಹುಟ್ಟುವಾಗಲೇ ಕೊಂಬಿಲ್ಲದ ತಳಿ ಬೆಳೆಸಿದರೆ ಸುಡುವ ಪ್ರಶ್ನೆಯೇ ಏಳುವುದಿಲ್ಲವಲ್ಲ? ನೋವು ಹೋಗುತ್ತದೆ, ನಿಜ. ಅದು ಸಣ್ಣ ಲಾಭವಲ್ಲ. ಆದರೆ ಆಗ ನಾವು ಹಸುವಿಗೆ ತಕ್ಕ ಕೊಟ್ಟಿಗೆ ಕಟ್ಟುವುದನ್ನು ಬಿಟ್ಟು ಕೊಟ್ಟಿಗೆಗೆ ತಕ್ಕ ಹಸುವನ್ನು ಮಾಡಿಕೊಂಡಿರುತ್ತೇವೆ.

ಎರಡನೆಯ ಆಕ್ಷೇಪ ಇನ್ನೂ ಕಠಿಣ. ಹಾಲಿಗಾಗಿ ಕರುವನ್ನು ತಾಯಿಯಿಂದ ಬೇಗ ಬೇರೆ ಮಾಡುತ್ತಾರೆ. ಹಾಲು ಬತ್ತಿದ ಹಸು ಕೊನೆಗೆ ಕಸಾಯಿಖಾನೆಗೆ ಹೋಗುತ್ತದೆ. ಅಂಥ ಹಸುವಿಗೆ ಕೊಂಬಿದ್ದರೆಷ್ಟು, ಇಲ್ಲದಿದ್ದರೆಷ್ಟು? ಈ ಮಾತು ಧೀರವಾಗಿ ಕೇಳಿಸುತ್ತದೆ. ಆದರೆ ದೊಡ್ಡ ಅನ್ಯಾಯವನ್ನು ತೋರಿಸಿ ಸಣ್ಣದನ್ನು ಮನ್ನಾ ಮಾಡಿಸಿಕೊಳ್ಳುವ ಉಪಾಯ ಇದರಲ್ಲಿ ಅಡಗಿದೆ. ಕೊನೆ ಹೇಗೇ ಇರಲಿ, ಹಸು ಬದುಕುವುದು ನಡುವಿನ ದಿನಗಳಲ್ಲಿ. ಆ ದಿನಗಳಲ್ಲಿ ಅದು ಹೇಗಿತ್ತು ಎಂಬುದಕ್ಕೆ ನಾವು ಉತ್ತರ ಕೊಡಲೇಬೇಕು. ಕರುವಿನ ಪ್ರಶ್ನೆ, ಕಸಾಯಿಖಾನೆಯ ಪ್ರಶ್ನೆ ಆಮೇಲೂ ಉಳಿಯುತ್ತವೆ. ಕೊಂಬಿನ ಪ್ರಶ್ನೆ ಅವನ್ನು ಮುಚ್ಚಿಹಾಕಬಾರದು.

ಮತದಾನದಲ್ಲಿ ಕಪೌಲ್ ಸೋತರು. ಶೇಕಡಾ 54.7ರಷ್ಟು ಜನ ಬೇಡ ಎಂದರು. ಸಂವಿಧಾನದಲ್ಲಿ ಕೊಂಬಿನಂಥ ವಿಷಯ ಇರಬಾರದು ಎಂದು ಪ್ರಾಮಾಣಿಕವಾಗಿ ನಂಬಿದವರೂ ಅವರಲ್ಲಿ ಇದ್ದಿರಬಹುದು. ಆದರೆ ಫಲಿತಾಂಶದಿಂದ ಖರ್ಚು ಮಾಯವಾಗಲಿಲ್ಲ. ಅದು ಹಿಂದಿದ್ದ ಜಾಗಕ್ಕೇ ಮರಳಿತು: ಕೊಂಬು ಉಳಿಸಿಕೊಂಡ ರೈತನ ಜೇಬಿಗೆ, ಇಲ್ಲವೇ ಕರುವಿನ ತಲೆಗೆ. ಹಾಲು ಕೊಳ್ಳುವವರು ಮಾತ್ರ ಲೆಕ್ಕದಿಂದ ಹೊರಗುಳಿದರು. ಅಲ್ಲಿನ ಕೊಟ್ಟಿಗೆಗಳಲ್ಲಿ ಈಗಲೂ ಕರು ಹುಟ್ಟಿದಾಗಲೆಲ್ಲ, ಕೊಂಬಿನ ಮೊಳಕೆ ಕೈಗೆ ಸಿಗುವ ಹೊತ್ತಿಗೆ, ಆ ಮನೆಯವರು ಅದೇ ತೀರ್ಮಾನವನ್ನು ತಾವೇ ಮಾಡಬೇಕಾಗುತ್ತದೆ.