ಪ್ರಜೆಗಳ ಹೆಸರು, ಪ್ರಜೆಗಳ ಮನಸ್ಸು

೧೬೪೯ನೆಯ ಇಸವಿ ಜನವರಿ ೪ರಂದು ಇಂಗ್ಲೆಂಡಿನ ಕಾಮನ್ಸ್ ಸಭೆ ಒಂದು ನಿರ್ಣಯವನ್ನು ಅಂಗೀಕರಿಸಿತು: ದೇವರ ಕೆಳಗೆ, ನ್ಯಾಯವಾದ ಸಮಸ್ತ ಅಧಿಕಾರಕ್ಕೂ ಪ್ರಜೆಗಳೇ ಮೂಲ, ಅವರು ಆರಿಸಿ ಕಳುಹಿಸಿದ ಸಭೆಯೇ ರಾಜ್ಯದಲ್ಲಿ ಪರಮಾಧಿಕಾರವುಳ್ಳದ್ದು. ಹೀಗೆ ಸಾರಿದ ಸಭೆ ಯಾವುದು? ಅದಕ್ಕೆ ಒಂದು ತಿಂಗಳ ಹಿಂದೆ, ೧೬೪೮ರ ಡಿಸೆಂಬರ್ ೬ರಂದು, ಕರ್ನಲ್ ಪ್ರೈಡ್ ಎಂಬ ದಳಪತಿ ಸಭಾದ್ವಾರದಲ್ಲಿ ಸಿಪಾಯಿಗಳನ್ನು ನಿಲ್ಲಿಸಿ, ದೊರೆಯೊಡನೆ ಸಂಧಿಯಾಗಲೆಂದು ಒಲಿದಿದ್ದ ಸದಸ್ಯರನ್ನು ಒಳಕ್ಕೆ ಬಿಡದೆ ತಡೆದಿದ್ದನು, ಕೆಲವರನ್ನು ಸೆರೆಹಿಡಿದಿದ್ದನು. ಹೀಗೆ ಹೊರಗುಳಿದವರು ನೂರಕ್ಕೂ ಹೆಚ್ಚು ಮಂದಿ. ಒಳಗುಳಿದ ಕೂಟಕ್ಕೆ ಮುಂದೆ ಜನರು ಪರಿಹಾಸ್ಯದಿಂದ ಇಟ್ಟ ಹೆಸರು 'ರಂಪ್'. ಎಂದರೆ ಪ್ರಾಣಿಯ ಹಿಂಭಾಗದ ಮಾಂಸ. ಪ್ರಜಾಧಿಕಾರದ ಘೋಷಣೆ ಹೊರಟದ್ದು ಪ್ರಜೆಗಳ ಪ್ರತಿನಿಧಿಗಳನ್ನು ಆಯುಧದಿಂದ ತಡೆದ ಮೇಲೆ. ಹನ್ನೊಂದು ವರ್ಷಗಳ ಅರಸಿಲ್ಲದ ಆಳಿಕೆಯ ತೊಡಕೆಲ್ಲ ಈ ಒಂದು ಗಂಟಿನಲ್ಲಿದೆ.

ಇದು ಇತಿಹಾಸದ ಪ್ರಶ್ನೆಯಷ್ಟೇ ಅಲ್ಲ, ಧರ್ಮದ ಪ್ರಶ್ನೆಯೂ ಹೌದು. ಒಂದು ಜನಾಂಗಕ್ಕೆ ಶ್ರೇಯಸ್ಕರವೆಂದು ತಾವು ದೃಢವಾಗಿ ನಂಬಿದುದನ್ನು, ಆ ಜನಾಂಗವೇ ಒಲ್ಲೆನೆಂದರೂ, ಕೆಲವರು ಬಲಾತ್ಕಾರದಿಂದ ನಡೆಯಿಸಬಹುದೆ? ನಡೆಯಿಸಬಹುದೆನ್ನುವವರು ಸಾಮಾನ್ಯವಾಗಿ ಮಗುವಿಗೆ ಕಹಿಮದ್ದು ಕುಡಿಸುವ ತಾಯಿಯ ದೃಷ್ಟಾಂತವನ್ನು ತೆಗೆಯುತ್ತಾರೆ. ಆದರೆ ಆ ದೃಷ್ಟಾಂತ ಅರಸರ ಬೊಕ್ಕಸದ್ದು. ದೊರೆ ತಂದೆ, ಪ್ರಜೆಗಳು ಮಕ್ಕಳು ಎಂದು ಶಾಸ್ತ್ರಮಾಡಿ ಬರೆದವನು ಚಾರ್ಲ್ಸನ ತಂದೆಯಾದ ಒಂದನೆಯ ಜೇಮ್ಸ್. ಆ ಶಾಸ್ತ್ರವನ್ನು ಸುಟ್ಟವರೇ ಅದರ ಬೂದಿಯನ್ನು ಹಣೆಗೆ ಹಚ್ಚಿಕೊಳ್ಳುವುದು ಹೇಗೆ?

ದೊರೆಯ ವಿಚಾರಣೆ ಜನವರಿ ೨೦ರಂದು ವೆಸ್ಟ್‌ಮಿನ್‌ಸ್ಟರಿನ ಮಹಾಶಾಲೆಯಲ್ಲಿ ಮೊದಲಾಯಿತು. ನ್ಯಾಯಾಧಿಪತಿಗಳೆಂದು ನೇಮಿಸಲ್ಪಟ್ಟವರು ೧೩೫ ಮಂದಿ. ಮರಣಶಾಸನಕ್ಕೆ ಕೈಯೊಪ್ಪವಿತ್ತವರು ೫೯. ಸೇನೆಯ ಮುಖ್ಯಾಧಿಪತಿಯಾದ ಫೇರ್‌ಫ್ಯಾಕ್ಸನೇ ವಿಚಾರಣೆಗೆ ಬಾರದೆ ಉಳಿದನು. ಆಪಾದನೆಯು ಇಂಗ್ಲೆಂಡಿನ ಪ್ರಜೆಗಳ ಹೆಸರಿನಲ್ಲಿ ಎಂಬ ಮಾತು ಬಂದಾಗ, ಪ್ರೇಕ್ಷಕರ ಅಟ್ಟದಿಂದ ಒಬ್ಬ ಹೆಂಗಸು, ಪ್ರಜೆಗಳಲ್ಲಿ ಕಾಲುಪಾಲು ಮಂದಿಯೂ ಇದಕ್ಕೊಪ್ಪಿಲ್ಲವೆಂದು ಕೂಗಿದಳು. ಆಕೆ ಫೇರ್‌ಫ್ಯಾಕ್ಸನ ಪತ್ನಿಯೆಂದು ಆ ಕಾಲದವರು ಬರೆದಿಟ್ಟಿದ್ದಾರೆ. ಚಾರ್ಲ್ಸನೋ ಆಪಾದನೆಗೆ ಉತ್ತರವನ್ನೇ ಕೊಡಲಿಲ್ಲ. ಯಾವ ಅಧಿಕಾರದಿಂದ ತನ್ನನ್ನು ಅಲ್ಲಿಗೆ ತಂದರೆಂದು ಮರಳಿ ಮರಳಿ ಕೇಳಿದನು. ೧೬೨೯ರಿಂದ ೧೬೪೦ರವರೆಗೆ, ಅದೂ ಹನ್ನೊಂದೇ ವರ್ಷ, ಪಾರ್ಲಿಮೆಂಟನ್ನು ಕರೆಯದೆ ಆಳಿ, ಅದರ ಅನುಮತಿಯಿಲ್ಲದೆ ಹಡಗಿನ ತೆರಿಗೆಯನ್ನೆತ್ತಿದವನ ಬಾಯಲ್ಲಿ ಈ ಪ್ರಶ್ನೆ ಶೋಭಿಸುವಂಥದಲ್ಲ. ಆದರೂ ಪ್ರಶ್ನೆ ಸರಿಯಾದುದೇ. ಕೇಳಿದವನು ಅನರ್ಹನೆಂದ ಮಾತ್ರಕ್ಕೆ ಉತ್ತರಕೊಡುವ ಹೊಣೆ ತಪ್ಪುವುದಿಲ್ಲ. ನ್ಯಾಯಸ್ಥಾನ ಉತ್ತರ ಕೊಡಲಾರದೆ ಹೋಯಿತು. ೩೦ರಂದು ಕೊಡಲಿ ಕೊಟ್ಟಿತು.

ಇನ್ನೊಂದು ಪಕ್ಷಕ್ಕೂ ಕಿವಿಗೊಡಬೇಕು. ಚಾರ್ಲ್ಸನ ಮಾತು ನೆಚ್ಚತಕ್ಕದ್ದಾಗಿರಲಿಲ್ಲ. ಒಂದು ಕಡೆ ಸಂಧಿಯ ಮಾತನ್ನಾಡುತ್ತಲೇ ಮತ್ತೊಂದು ಕಡೆ ಸ್ಕಾಟರೊಡನೆ ಗುಟ್ಟಾಗಿ ಒಡಂಬಟ್ಟು, ೧೬೪೮ರಲ್ಲಿ ಎರಡನೆಯ ಸಲ ಅಂತಃಕಲಹವನ್ನು ಹೊತ್ತಿಸಿದನು. ಒಡನಾಡಿಗಳನ್ನು ರಣಭೂಮಿಯಲ್ಲಿ ಹೂಳಿ ಬಂದ ಸೈನಿಕನಿಗೆ, ಸಭೆಯ ಬಹುಮತ ಮರಳಿ ಅದೇ ದೊರೆಯ ಕೈಗೆ ರಾಜ್ಯವನ್ನೊಪ್ಪಿಸಹೊರಟುದನ್ನು ಕಂಡಾಗ, ಬಹುಮತವೆಂಬುದು ಪೂಜ್ಯವಾಗಿ ತೋರದಿದ್ದರೆ ಆಶ್ಚರ್ಯವಿಲ್ಲ. ಇದನ್ನು ಬರಿಯ ಅಧಿಕಾರದಾಸೆಯೆಂದು ತಳ್ಳಿಬಿಡುವುದು ಅನ್ಯಾಯ.

ಆದರೆ ಅದೇ ಸೈನಿಕನ ಮಾತಿಗೆ ನಾಯಕರು ಕೊಟ್ಟ ಬೆಲೆ ಎಷ್ಟು? ೧೬೪೭ರಲ್ಲಿ ಪಟ್ನಿಯ ಚರ್ಚಿನಲ್ಲಿ ನಡೆದ ಸೇನಾಸಭೆಯಲ್ಲಿ ಕರ್ನಲ್ ರೇನ್ಸ್‌ಬರೋ, ಕಡುಬಡವನಿಗೂ ಸಿರಿವಂತನಂತೆಯೇ ಬಾಳತಕ್ಕ ಬಾಳೊಂದುಂಟು, ತನ್ನ ಒಪ್ಪಿಗೆಯಿಲ್ಲದ ಸರ್ಕಾರಕ್ಕೆ ಅವನು ಕಟ್ಟುಬಿದ್ದವನಲ್ಲವೆಂದು ವಾದಿಸಿದನು. ಕ್ರಾಮ್‌ವೆಲ್ಲನ ಅಳಿಯ ಐರ್ಟನ್, ನೆಲದಲ್ಲಾಗಲಿ ವ್ಯಾಪಾರದಲ್ಲಾಗಲಿ ಸ್ಥಿರವಾದ ಸ್ವತ್ತುಳ್ಳವನಿಗೆ ಮಾತ್ರ ಮತದ ಹಕ್ಕೆಂದನು. ಗೆದ್ದದ್ದು ಐರ್ಟನನ ಪಕ್ಷ. ದೊರೆಯ ತಲೆ ಉರುಳಿ ನಾಲ್ಕು ತಿಂಗಳು ತುಂಬುವ ಮೊದಲೇ, ೧೬೪೯ರ ಮೇ ೧೭ರಂದು, ತಿರುಗಿಬಿದ್ದ ಲೆವೆಲರ್ ಸೈನಿಕರಲ್ಲಿ ಮೂವರನ್ನು ಬರ್ಫರ್ಡಿನ ಚರ್ಚಿನ ಅಂಗಳದಲ್ಲಿ ಗುಂಡಿಟ್ಟು ಕೊಂದರು. ಎರಡು ದಿನ ಕಳೆದು, ಇಂಗ್ಲೆಂಡು ಅರಸನಿಲ್ಲದ ಸ್ವತಂತ್ರ ರಾಜ್ಯವೆಂದು ಶಾಸನ ಹೊರಟಿತು.

ಮುಂದಿನ ಕಥೆ ಸುಪ್ರಸಿದ್ಧ. ೧೬೫೩ರ ಏಪ್ರಿಲಿನಲ್ಲಿ ಕ್ರಾಮ್‌ವೆಲ್ ರಂಪನ್ನೂ ಸಿಪಾಯಿಗಳಿಂದಲೇ ಹೊರದೂಡಿದನು. ಅದೇ ಡಿಸೆಂಬರಿನಲ್ಲಿ ಲಾರ್ಡ್ ಪ್ರೊಟೆಕ್ಟರನಾದನು. ೧೬೫೬ರ ಪಾರ್ಲಿಮೆಂಟಿಗೆ ಆರಿಸಿಬಂದವರಲ್ಲಿ ಸುಮಾರು ನೂರು ಮಂದಿಯನ್ನು ಅವನ ಮಂತ್ರಾಲೋಚನ ಸಭೆ ಬಾಗಿಲಲ್ಲೇ ನಿಲ್ಲಿಸಿತು. ೧೬೫೭ರಲ್ಲಿ ಕಿರೀಟವನ್ನೇ ನೀಡಬಂದಾಗ ಬೇಡವೆಂದನು. ಆದರೆ ರಾಜರು ಪಟ್ಟಾಭಿಷೇಕಕ್ಕೆ ಕುಳಿತುಕೊಳ್ಳುವ ಪೀಠದಲ್ಲಿಯೇ ಕುಳಿತು ಎರಡನೆಯ ಸಲ ಪದವಿಯನ್ನು ಸ್ವೀಕರಿಸಿದನು. ಮತದ ಪೆಟ್ಟಿಗೆಯನ್ನು ನಿಜವಾಗಿ ತೆರೆದರೆ ಅರಸನೇ ಹೊರಬರುವನೆಂಬ ಭಯ ಈ ಆಳಿಕೆಯನ್ನು ಕೊನೆಯವರೆಗೂ ಬಿಡಲಿಲ್ಲ.

ಆ ಭಯ ಸುಳ್ಳಾಗಿರಲಿಲ್ಲ. ೧೬೬೦ರ ಫೆಬ್ರವರಿಯಲ್ಲಿ ರಂಪಿನ ಅಂತ್ಯ ಸಮೀಪಿಸಿದಾಗ, ಲಂಡನ್ನಿನ ಜನ ಬೀದಿಬೀದಿಯಲ್ಲಿ ಬೆಂಕಿಹಾಕಿ ಹಿಂಭಾಗದ ಮಾಂಸವನ್ನು ಸುಟ್ಟು ನಲಿದರು. ಆ ವಸಂತದಲ್ಲಿಯೇ ಕುರುಡನಾಗಿದ್ದ ಮಿಲ್ಟನ್ ಗಣರಾಜ್ಯದ ಪರವಾಗಿ ಕೊನೆಯ ಪುಸ್ತಕವನ್ನು ಹೊರಡಿಸಿದನು. ೧೬೪೯ರಲ್ಲಿ, ಪ್ರಜೆಗಳು ದೊರೆಯನ್ನು ಇಟ್ಟುಕೊಳ್ಳಲೂ ಬಿಡಲೂ ಹಕ್ಕುಳ್ಳವರೆಂದು ಸಾಧಿಸಿದ್ದ ಲೇಖನಿ ಅದು. ಈಗ ಅದೇ ಲೇಖನಿ, ಬಹುಜನರು ಅಲ್ಪಜನರನ್ನು ತಮ್ಮೊಡನೆ ದಾಸ್ಯಕ್ಕೆಳೆಯುವುದಕ್ಕಿಂತ, ಅಲ್ಪಜನರು ಬಹುಜನರನ್ನು ಬಲದಿಂದ ಸ್ವಾತಂತ್ರ್ಯದಲ್ಲಿರಿಸುವುದೇ ಹೆಚ್ಚು ನ್ಯಾಯವೆಂದು ಬರೆಯಿತು. ಎರಡು ಮಾತುಗಳನ್ನೂ ಅವನು ಮನಃಪೂರ್ವಕವಾಗಿಯೇ ನಂಬಿದ್ದನೆಂಬುದರಲ್ಲಿ ಸಂಶಯವಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಕಷ್ಟವನ್ನು ಓದುಗನಿಗೆ ಬಿಟ್ಟನು.

ಮೇ ೨೯ರಂದು ಎರಡನೆಯ ಚಾರ್ಲ್ಸ್ ಲಂಡನ್ನನ್ನು ಪ್ರವೇಶಿಸಿದನು. ಆಗಸ್ಟಿನಲ್ಲಿ ಮಿಲ್ಟನನ ಪುಸ್ತಕಗಳನ್ನು ಗಲ್ಲಿಗೇರಿಸುವ ಕಟುಕನ ಕೈಯಿಂದ ಸುಡಿಸಿದರು. ಆ ವರ್ಷದ ಶಾಸನಗಳ ಮೇಲೆ ಕಾಣುವ ಕಾಲಗಣನೆ, ಎರಡನೆಯ ಚಾರ್ಲ್ಸನ ಆಳಿಕೆಯ ಹನ್ನೆರಡನೆಯ ವರ್ಷ.