ಬಲೆಯ ನೂಲು

ದೊರೈ–ಭಗವಾನ್ ಅವರ ‘ಜೇಡರ ಬಲೆ’ (1968) ಚಿತ್ರದಲ್ಲಿ ಲೋಹವನ್ನು ಚಿನ್ನವಾಗಿಸುವ ಸೂತ್ರಕ್ಕಾಗಿ ದುಷ್ಟಕೂಟವೊಂದು ಹವಣಿಸುತ್ತದೆ. ಸಿ.ಐ.ಡಿ. ಪ್ರಕಾಶನಾದ ರಾಜಕುಮಾರರು ಅದರ ಹುಟ್ಟಡಗಿಸುತ್ತಾರೆ. ಕಳ್ಳರು ಸಿಕ್ಕಿದರು, ನಾವು ಸಜ್ಜನರು ಎಂಬ ನೆಮ್ಮದಿಯಿಂದ ಮನೆಗೆ ಮರಳುತ್ತೇವೆ.

ಆ ನೆಮ್ಮದಿಯ ಬಗೆಗೇ ನನಗೆ ಸಂದೇಹ. ಕೂತಲ್ಲೇ ಹೊನ್ನು ಬೆಳೆಯಬೇಕೆಂಬ ಆಸೆ ಕಳ್ಳರ ಗವಿಯಲ್ಲಷ್ಟೇ ಇದೆಯೆ? ಬಸವನಗುಡಿ, ಮಲ್ಲೇಶ್ವರಗಳ ನಮ್ಮ ಮನೆಗಳಲ್ಲೂ ಎಲ್ಲಿಟ್ಟರೆ ಎಷ್ಟು ಬಡ್ಡಿ ಎಂಬುದೇ ಮಾತು. 2019ರಲ್ಲಿ ಬೆಂಗಳೂರಿನ ಐ.ಎಂ.ಎ. ಕುಸಿದಾಗ, ಹೆಚ್ಚಿನ ಲಾಭದ ಮಾತನ್ನು ನಂಬಿದ್ದ ಸಾವಿರಾರು ಸಂಸಾರಗಳ ಉಳಿತಾಯ ಕರಗಿತು. ಅಪರಾಧ ವಂಚಕರದೇ, ನಂಬಿದವರದಲ್ಲ. ಆದರೂ ಇಂಥ ಬಲೆಗಳಿಗೆ ನೂಲು ಒದಗುವುದು ನಮ್ಮೆಲ್ಲರೊಳಗಿನ ಆ ಆಸೆಯಿಂದಲೇ. ಕೂಟವನ್ನು ಪತ್ತೇದಾರ ಹಿಡಿದಾನು. ಆಸೆಯ ಜಾಡನ್ನು ಮಾತ್ರ ನಾವೇ ಹಿಡಿಯಬೇಕು.