ದೋಣಿಯ ಅವಘಡದಲ್ಲಿ ದೈವದ ಪಾಲು

ನೀರಿನ ಮೇಲಿನ ಪ್ರಯಾಣದಲ್ಲಿ ಒದಗುವ ಕೇಡಿನಲ್ಲಿ ಮನುಷ್ಯನ ಪಾಲೆಷ್ಟು, ದೈವದ ಪಾಲೆಷ್ಟು ಎಂಬ ಪ್ರಶ್ನೆಯನ್ನು ಭಾರತೀಯ ಚಿಂತಕರು ಮೋಕ್ಷ, ಕರ್ಮಗಳ ದೊಡ್ಡ ಚರ್ಚೆಗಳಿಗೆ ಮಾತ್ರ ಬಿಟ್ಟಿರಲಿಲ್ಲ. ಹೊಳೆ ದಾಟಿಸುವ ಅಂಬಿಗನ ಕೂಲಿಯನ್ನು ಗೊತ್ತುಮಾಡುವ ಶ್ಲೋಕಗಳ ನಡುವೆಯೂ ಅದು ಎದುರಾಗುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯವು ದೋಣಿಯ ಸುಂಕವನ್ನು ವಿವರಿಸಿ, ಅಂಬಿಗರ ತಪ್ಪಿನಿಂದ ಸರಕು ಹಾಳಾದರೆ ಅವರೆಲ್ಲರೂ ಸೇರಿ ತಮ್ಮ ತಮ್ಮ ಪಾಲಿನಿಂದ ನಷ್ಟವನ್ನು ತುಂಬಿಕೊಡಬೇಕೆಂದೂ, ದೈವಿಕವಾಗಿ, ಅಂದರೆ ಮನುಷ್ಯನ ಕೈಮೀರಿದ ಕಾರಣದಿಂದ, ಉಂಟಾದ ಹಾನಿಗೆ ದಂಡವಿಲ್ಲವೆಂದೂ ವಿಧಿಸುತ್ತದೆ. ಇಲ್ಲಿ ತಪ್ಪಿನ ಮಾತು ಮೊದಲು ಬಂದಿದೆ, ದೈವದ ಮಾತು ಅನಂತರ ಬಂದಿದೆ. ತಪ್ಪು ಯಾರದೆಂಬ ವಿಚಾರಣೆ ಮುಗಿದ ಮೇಲೆ ಉಳಿಯುವುದಕ್ಕೆ ಮಾತ್ರ ದೈವದ ಹೆಸರು ಸಲ್ಲುತ್ತದೆಂದು ಈ ಕ್ರಮದಿಂದ ತಿಳಿಯುವುದು ನ್ಯಾಯವಾಗಿದೆ.

ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಡಗು ದೋಣಿಗಳ ಉಸ್ತುವಾರಿಗೆ ನೇಮಕಗೊಂಡ ಅಧಿಕಾರಿಯಾದ ನಾವಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲಿ, ಸಾಕಷ್ಟು ಆಳುಗಳಿಲ್ಲದೆ, ಸಲಕರಣೆಗಳಿಲ್ಲದೆ ಅಥವಾ ದುರಸ್ತಿ ಕಾಣದೆ ಇದ್ದ ದೋಣಿ ಕೆಟ್ಟರೆ ಆದ ನಷ್ಟವನ್ನು ಆ ಅಧ್ಯಕ್ಷನೇ ಭರಿಸಬೇಕೆಂಬ ನಿಯಮವಿದೆ. ಹುಟ್ಟು ಹಾಕಿದವನನ್ನಷ್ಟೇ ಹಿಡಿದು, ಬಿರುಕು ಬಿಟ್ಟ ದೋಣಿಯನ್ನು ನೀರಿಗಿಳಿಸಲು ಬಿಟ್ಟವನನ್ನು ಕೈಬಿಡುವ ಸುಲಭದ ದಾರಿಯನ್ನು ಈ ನಿಯಮ ಮುಚ್ಚಿಬಿಡುತ್ತದೆ. ಅದೇ ಅಧಿಕಾರಿಯು ಗಾಳಿಗೆ ಸಿಕ್ಕಿ ದಿಕ್ಕು ತಪ್ಪಿ ಬಂದ ಹಡಗನ್ನು ತಂದೆಯಂತೆ ಆದರಿಸಬೇಕು, ನೀರು ಹೊಕ್ಕು ಕೆಟ್ಟ ಸರಕಿನ ಸುಂಕವನ್ನು ಬಿಡಬೇಕು ಇಲ್ಲವೇ ಅರ್ಧಕ್ಕೆ ಇಳಿಸಬೇಕು. ಗಾಳಿಯ ಹೊಡೆತವು ನೊಂದವನ ಮೇಲೆ ಕರುಣೆ ತೋರಲು ಕಾರಣವಾಗುತ್ತದೆಯೇ ಹೊರತು ಹೊಣೆಗಾರನು ಜಾರಿಕೊಳ್ಳಲು ನೆಪವಾಗುವುದಿಲ್ಲ. ಈ ಪ್ರಾಚೀನ ವಿವೇಕದ ಬೆಲೆ ಇಂದಿಗೂ ಕುಗ್ಗಿಲ್ಲ.

ಇಷ್ಟಾದರೂ ಎಲ್ಲವೂ ಸರ್ವೇಶ್ವರನ ಅಧೀನವೆಂದು ನಂಬುವವರಿಗೆ ಒಂದು ತೊಡಕು ಉಳಿಯುತ್ತದೆ. ಮಧ್ವಾಚಾರ್ಯರ ದ್ವೈತ ಸಿದ್ಧಾಂತದಲ್ಲಿ ಸ್ವತಂತ್ರನು, ಅಂದರೆ ಇರುವುದಕ್ಕಾಗಲಿ ಮಾಡುವುದಕ್ಕಾಗಲಿ ಮತ್ತೊಬ್ಬರನ್ನು ಅವಲಂಬಿಸದವನು, ವಿಷ್ಣುವೊಬ್ಬನೇ. ಜೀವರೂ ಜಡವಸ್ತುಗಳೂ ಪರತಂತ್ರ. ಹಾಗಾದರೆ ಹುಟ್ಟು ಹಿಡಿದ ಕೈಯೂ ಅವನದೇ, ಮಗುಚಿದ ಅಲೆಯೂ ಅವನದೇ ಎಂದಾಗಿ ಅಂಬಿಗನ ತಪ್ಪೆಂಬುದೇ ಇಲ್ಲವಾಗುವುದಿಲ್ಲವೇ ಎಂಬುದು ಸಹಜವಾದ ಶಂಕೆ. ಜೀವನಿಗೆ ಕರ್ತೃತ್ವ ನಿಜವಾಗಿಯೂ ಇದೆ, ಆದರೆ ಅದು ಪರಾಧೀನವಾದುದು ಎಂಬುದು ಆಚಾರ್ಯರ ಉತ್ತರ. ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಈಶ್ವರನು ಪ್ರೇರಿಸುತ್ತಾನೆ, ಇಲ್ಲವಾದರೆ ಇದನ್ನು ಮಾಡು, ಇದನ್ನು ಮಾಡಬೇಡ ಎಂಬ ಶಾಸ್ತ್ರವಾಕ್ಯಗಳೇ ವ್ಯರ್ಥವಾಗುತ್ತವೆ ಎಂದು ಬ್ರಹ್ಮಸೂತ್ರವೂ ಹೇಳುತ್ತದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಪ್ರತಿಯೊಂದು ಕರ್ಮಕ್ಕೂ ಐದು ಕಾರಣಗಳನ್ನು ಎಣಿಸುವಾಗ ಆಶ್ರಯ, ಕರ್ತೃ, ಸಾಧನಗಳು, ಬಗೆಬಗೆಯ ಚೇಷ್ಟೆಗಳು ಇವುಗಳನ್ನು ಹೇಳಿದ ಮೇಲೆಯೇ ದೈವವನ್ನು ಐದನೆಯದಾಗಿ ಸೇರಿಸಿದೆ.

ಈ ತತ್ತ್ವಕ್ಕೆ ಮಲ್ಪೆಯ ಕಡಲತೀರದ ಐತಿಹ್ಯವೊಂದು ಸೊಗಸಾಗಿ ಹೊಂದಿಕೊಳ್ಳುತ್ತದೆ. ದ್ವಾರಕೆಯ ಕಡೆಯಿಂದ ಬಂದ ಹಡಗು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಾಗ ದಡದಲ್ಲಿದ್ದ ಮಧ್ವರು ತಮ್ಮ ಉತ್ತರೀಯವನ್ನು ಬೀಸಿ ಅದನ್ನು ಪಾರುಮಾಡಿದರೆಂದೂ, ನಾವಿಕನು ಕೃತಜ್ಞತೆಯಿಂದ ಕೊಡಬಂದ ಸಂಪತ್ತನ್ನು ಒಲ್ಲದೆ ಹಡಗಿನಲ್ಲಿದ್ದ ಗೋಪೀಚಂದನದ ಗಡ್ಡೆಯನ್ನು ಕೇಳಿ ಪಡೆದರೆಂದೂ, ಉಡುಪಿಯ ಕೃಷ್ಣನ ಮೂರ್ತಿ ಅದರೊಳಗೆ ದೊರೆಯಿತೆಂದೂ ಕಥೆ ಹೇಳುತ್ತದೆ. ಆ ಗಡ್ಡೆಯನ್ನು ತುಂಬಿದ್ದುದು ಮಾರಾಟಕ್ಕಲ್ಲ, ಹಡಗು ಅಲೆಗಳ ಮೇಲೆ ಹೊಯ್ದಾಡಿ ಮಗುಚದಂತೆ ತಳದಲ್ಲಿ ಇಡುವ ಭಾರವಾಗಿ. ಭಕ್ತರ ಗಮನವೆಲ್ಲ ಸಹಜವಾಗಿಯೇ ಬೀಸಿದ ಉತ್ತರೀಯದ ಮೇಲೆ ನಿಲ್ಲುತ್ತದೆ. ಆದರೆ ಭಗವಂತನು ಬಂದದ್ದು ಜಾಗರೂಕನಾದ ನಾವಿಕನು ಹೊರಡುವ ಮುನ್ನವೇ ಮಾಡಿಟ್ಟ ಏರ್ಪಾಡಿನೊಳಗೆ ಎಂಬುದನ್ನೂ ಕಥೆ ಅಷ್ಟೇ ಸ್ಪಷ್ಟವಾಗಿ ಹೇಳುತ್ತಿದೆ.

ಕರಾವಳಿಯ ಮೀನುಗಾರರ ಆಚಾರದಲ್ಲಿ ಇವೆರಡೂ ಬೇರೆಯಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಬೋಟುಗಳನ್ನು ದಡಕ್ಕೆಳೆದು ಹಲಗೆಗಳನ್ನು ಪರೀಕ್ಷಿಸುತ್ತಾರೆ, ಎಂಜಿನ್ ಬಿಚ್ಚಿ ಜೋಡಿಸುತ್ತಾರೆ, ಹರಿದ ಬಲೆಗಳನ್ನು ಹೆಣೆಯುತ್ತಾರೆ. ಶ್ರಾವಣದಲ್ಲಿ ಸಮುದ್ರಪೂಜೆ ಮಾಡಿ ಕಡಲಿಗೆ ಹಾಲನ್ನೂ ತೆಂಗಿನಕಾಯಿಯನ್ನೂ ಅರ್ಪಿಸುತ್ತಾರೆ. ಅಷ್ಟಾದರೂ ತೇಲಿಬಂದ ಹಳೆಯ ಬಲೆಯೊಂದು ಪ್ರೊಪೆಲ್ಲರಿಗೆ ಸುತ್ತಿಕೊಂಡು ಬೋಟು ನಡುಗಡಲಿನಲ್ಲಿ ನಿಂತುಬಿಡುವುದು, ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಹೂಳು ತುಂಬಿ ತಳ ತಾಗುವುದು ನಡೆದೇ ಇರುತ್ತದೆ. ಬಲೆ ತೇಲಿಬಂದದ್ದು ಬೋಟಿನವರ ಪಾಲಿಗೆ ದೈವವಾದರೂ ಅದನ್ನು ಕಡಲಿಗೆ ಎಸೆದ ಕೈಯೊಂದು ಎಲ್ಲೋ ಇರುತ್ತದೆ. ಅಳಿವೆಗೆ ಮರಳು ಬರುವುದು ಪ್ರಕೃತಿಯ ಕೆಲಸವಾದರೂ ಹೂಳೆತ್ತದೆ ಬಿಡುವುದು ಮನುಷ್ಯನ ನಿರ್ಧಾರ.

ಈ ವಿವೇಚನೆ ಅತ್ಯಂತ ಕಠಿಣವಾಗುವುದು ಜೀವಗಳು ಹೋದಾಗ. ಕಾರವಾರದ ಸಮೀಪದ ಕೂರ್ಮಗಡ ದ್ವೀಪದಲ್ಲಿ ನಡೆಯುವ ನರಸಿಂಹ ದೇವರ ಜಾತ್ರೆಗೆ ಜನ ದೋಣಿಯಲ್ಲಿಯೇ ಹೋಗಬೇಕು. 2019ರ ಜನವರಿ 21ರಂದು ಜಾತ್ರೆಯ ಭಕ್ತರಿದ್ದ ದೋಣಿಯೊಂದು ಮಗುಚಿ 16 ಜನ ತೀರಿಕೊಂಡರು. ದೇವರ ದರ್ಶನಕ್ಕೆಂದು ಹೊರಟವರಿಗೇ ಹೀಗೇಕಾಯಿತು ಎಂಬ ಪ್ರಶ್ನೆಗೆ ಪ್ರಾರಬ್ಧ ಕರ್ಮವನ್ನು, ಅಂದರೆ ಹಿಂದೆ ಮಾಡಿ ಈಗ ಫಲ ಕೊಡತೊಡಗಿದ ಕರ್ಮವನ್ನು, ಉತ್ತರವಾಗಿ ಕೊಡುವ ವಾಡಿಕೆಯಿದೆ. ಆದರೆ ಸತ್ತವರ ಪ್ರಾರಬ್ಧವನ್ನು ಬದುಕಿರುವವರು ಲೆಕ್ಕ ಹಾಕುವುದು ಯಾರಿಗೂ ಇಲ್ಲದ ಅಧಿಕಾರವನ್ನು ಕೈಗೆತ್ತಿಕೊಂಡಂತೆ, ಮತ್ತು ಅದು ನಿರ್ದಯವೂ ಹೌದು. ಮಕ್ಕಳನ್ನು ಕಳೆದುಕೊಂಡ ತಾಯಿ ಇದು ದೇವರ ಇಚ್ಛೆಯೆಂದರೆ ಆ ಮಾತು ಅವಳಿಗೆ ಆಸರೆ, ಅದನ್ನು ಪ್ರಶ್ನಿಸುವ ಹಕ್ಕು ಯಾವ ತತ್ತ್ವಜ್ಞಾನಿಗೂ ಇಲ್ಲ. ಅದೇ ಮಾತನ್ನು ಅಳತೆಮೀರಿ ಜನರನ್ನು ಹತ್ತಿಸಿಕೊಳ್ಳುವವನೋ, ಲೈಫ್ ಜಾಕೆಟ್ ಇದೆಯೇ ಎಂದು ನೋಡದೆ ಪರವಾನಗಿ ಕೊಡುವವನೋ ಆಡಿದಾಗ, ದೈವದ ಮಾತು ಬರುವ ಮುನ್ನ ಅವನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಧರ್ಮಶಾಸ್ತ್ರವೇ ಬರೆದಿಟ್ಟಿದೆ.